ಗ್ರೀನ್ ಟೀ ವಿಪರೀತ ಕಹಿ, ಮೇಲೆ ಹೊಟ್ಟೆ ತೊಳಸುತ್ತದೆ. ಬಿಟ್ಟುಬಿಡಲಾ?

ಅರೆನಿದ್ದೆ
ಎರಡು ವಾರದಿಂದ ಗ್ರೀನ್ ಟೀ ಶುರು ಮಾಡಿದ್ದೇನೆ, ತೂಕ ಇಳಿಯುತ್ತದೆ ಅಂತ ಎಲ್ಲರೂ ಹೇಳಿದ್ದಕ್ಕೆ. ಎದ್ದ ಕೂಡಲೇ ಕುದಿಯುವ ನೀರಿಗೆ ಬ್ಯಾಗ್ ಹಾಕಿಟ್ಟು, ಸ್ನಾನ ಮುಗಿಸಿ ಬಂದು ಖಾಲಿ ಹೊಟ್ಟೆಗೆ ಕುಡಿಯುತ್ತೇನೆ. ಬೇವಿನ ಸೊಪ್ಪು ಅರೆದು ಕುಡಿದ ಹಾಗಿರುತ್ತದೆ, ಆಮೇಲೆ ಒಂದು ಗಂಟೆ ಹೊಟ್ಟೆ ತೊಳಸುತ್ತದೆ. ಪುದೀನ ಇಲ್ಲವೇ ಕ್ಯಾಮೊಮೈಲ್ ಹೂವಿನ ಟೀ ಕುಡಿದರೆ ಇದೇ ಲಾಭ ಸಿಗುತ್ತದಾ? ಅಂದಹಾಗೆ ರಕ್ತ ಕಡಿಮೆ ಅಂತ ಕಬ್ಬಿಣದ ಮಾತ್ರೆಯೂ ಇದೆ, ಅದನ್ನೂ ಟೀ ಜೊತೆಗೇ ನುಂಗುತ್ತೇನೆ.

ಎಲೆಪ್ರಿಯ
ಸ್ನಾನ ಮುಗಿಯುವ ತನಕ ನೆನೆಸಿದರೆ ಕಹಿಯಾಗದೆ ಇನ್ನೇನಾಗುತ್ತದೆ! ನೀರು ಬಿಸಿಯಾದಷ್ಟೂ, ಹೊತ್ತು ಜಾಸ್ತಿಯಾದಷ್ಟೂ ಎಲೆಯಿಂದ ಕೆಫೀನ್, ಕ್ಯಾಟೆಚಿನ್ ಅನ್ನುವ ಒಗರಿನ ಅಂಶ ಜಾಸ್ತಿ ಇಳಿಯುತ್ತವೆ. ಕಹಿ, ಒಗರು ಎಲ್ಲ ಅವುಗಳದೇ. ನೀರು ಕುದಿದ ಮೇಲೆ ಒಲೆ ಆರಿಸಿ ಸ್ವಲ್ಪ ಹೊತ್ತು ಬಿಡಿ, 75-80 ಡಿಗ್ರಿಗೆ ಬರಲಿ. ಎರಡು ನಿಮಿಷ ನೆನೆಸಿದರೆ ಸಾಕು. ಜಪಾನಿನವರು ಗ್ಯೊಕುರೊ ಅನ್ನುವ ಎಲೆಗೆ 50-60 ಡಿಗ್ರಿಯ ನೀರನ್ನಷ್ಟೇ ಹಾಕುತ್ತಾರೆ, ಸಿಹಿ ಸಿಹಿಯಾಗಿರುತ್ತದೆ. ಆಗಲೂ ಕಹಿ ಅನಿಸಿದರೆ ಹೋಜಿಚಾ ನೋಡಿ, ಅದು ಹುರಿದ ಗ್ರೀನ್ ಟೀ, ಹೊಟ್ಟೆಗೂ ಹಗುರ.

ಸುಮ್ನೆ_ಒಬ್ಬ
ಕಹಿ ಹಾಳಾಗಲಿ, ಮೊದಲು ಮಾತ್ರೆಯನ್ನು ಟೀಯಿಂದ ದೂರ ಮಾಡಿ. ಟೀಯಲ್ಲಿರುವ ಒಗರಿನ ಅಂಶ ಕಬ್ಬಿಣಕ್ಕೆ ಅಂಟಿಕೊಂಡು ಮೈಗೆ ಹತ್ತದ ಹಾಗೆ ಮಾಡುತ್ತದೆ. ಅಂದರೆ ಎರಡು ವಾರ ಮಾತ್ರೆಯ ಅರ್ಧ ಕೆಲಸ ನೀವೇ ಕೆಡಿಸಿದ್ದೀರಿ. ನೀರಿನಲ್ಲಿ ನುಂಗಿ, ಟೀಗೂ ಅದಕ್ಕೂ ಎರಡು ಗಂಟೆ ಅಂತರ ಇರಲಿ. ಊಟ ತಿಂಡಿಯ ಜೊತೆಗೂ ಟೀ ಬೇಡ, ಒಂದು ಗಂಟೆ ಬಿಟ್ಟು ಕುಡಿಯಿರಿ. ಖಾಲಿ ಹೊಟ್ಟೆಯ ತೊಳಸಾಟವೂ ಅಲ್ಲಿಗೆ ನಿಲ್ಲುತ್ತದೆ.

ತೂಕದ ಆಸೆ ಬಿಡಿ, ಇಳಿದರೂ ಲೆಕ್ಕಕ್ಕೆ ಸಿಗದಷ್ಟು. ಹಾಗಂತ ಗ್ರೀನ್ ಟೀ ಕ್ಯಾಪ್ಸೂಲ್‌ಗೆ ಮಾತ್ರ ಹೋಗಬೇಡಿ. ಅದರಲ್ಲಿರುವ ಇಜಿಸಿಜಿ ಅನ್ನುವ ಕ್ಯಾಟೆಚಿನ್ ದಿನಕ್ಕೆ 800 ಮಿಲಿಗ್ರಾಂ ಮುಟ್ಟಿದರೆ ಲಿವರ್‌ಗೆ ಪೆಟ್ಟಾಗಬಹುದು ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲೇ ಎಚ್ಚರಿಸಿದೆ. ಲೋಟದಲ್ಲಿ ಕುಡಿಯುವವರಿಗೆ ಸಾಮಾನ್ಯವಾಗಿ ಆ ಭಯ ಇಲ್ಲ.

ಪುದೀನಪಕ್ಷ
ಪುದೀನ, ಕ್ಯಾಮೊಮೈಲ್ ಇವೆಲ್ಲ ಹೆಸರಿಗಷ್ಟೇ ಟೀ, ಅಸಲಿಗೆ ಕಷಾಯ. ಟೀ ಗಿಡಕ್ಕೂ ಇವಕ್ಕೂ ಸಂಬಂಧ ಇಲ್ಲ, ಕೆಫೀನೂ ಇಲ್ಲ. ಹಾಗಾಗಿ "ಅದೇ ಲಾಭ" ಸಿಗುವುದಿಲ್ಲ, ಬೇರೆ ಏನೋ ಸಿಗುತ್ತದೆ. ಶುಂಠಿ ವಾಕರಿಕೆಗೆ ಒಳ್ಳೆಯದು. ಪುದೀನ ಹೊಟ್ಟೆಯುಬ್ಬರಕ್ಕೆ ಹಿತ, ಆದರೆ ಎದೆಯುರಿ ಇರುವವರಿಗೆ ಉರಿ ಇನ್ನೂ ಜಾಸ್ತಿಯಾಗಬಹುದು. ಜ್ಯೇಷ್ಠಮಧು ದಿನಾ ಕುಡಿದರೆ ಬಿಪಿ ಏರಬಹುದು. ರಕ್ತ ತೆಳು ಮಾಡುವ ವಾರ್ಫರಿನ್ ನುಂಗುವವರು ಕ್ಯಾಮೊಮೈಲ್ ಬಗ್ಗೆ ಡಾಕ್ಟರನ್ನು ಕೇಳಲೇಬೇಕು. ಗಿಡಮೂಲಿಕೆ ಅಂದ ಮಾತ್ರಕ್ಕೆ ಎಷ್ಟು ಬೇಕಾದರೂ ಕುಡಿಯಬಹುದು ಅಂತಲ್ಲ.

ಇನ್ನು ಪುದೀನಾನೋ ಗ್ರೀನ್ ಟೀನೋ ಅಂತ ಒದ್ದಾಡುವುದೇ ಬೇಡ. ಮೊರಾಕೋದವರು ಎರಡನ್ನೂ ಒಂದೇ ಕೆಟಲಿಗೆ ಹಾಕುತ್ತಾರೆ. ಗುಂಡು ಗುಂಡಾಗಿ ಸುತ್ತಿದ ಚೀನಾದ ಗ್ರೀನ್ ಟೀ, ಹಸಿ ಪುದೀನ, ಧಾರಾಳ ಸಕ್ಕರೆ, ಮೇಲಿಂದ ನೊರೆ ಬರುವ ಹಾಗೆ ಎತ್ತಿ ಸುರಿಯುವುದು. ನೀವು ಸಕ್ಕರೆ ಬಿಡಿ ಅಷ್ಟೇ.

ಅರೆನಿದ್ದೆ
ಮೂರು ದಿನದಿಂದ ನೀರು ಆರಿಸಿ, ಎರಡೇ ನಿಮಿಷ ನೆನೆಸಿ, ತಿಂಡಿ ಆಗಿ ಒಂದು ಗಂಟೆಗೆ ಕುಡಿಯುತ್ತಿದ್ದೇನೆ. ಕಹಿ ಮುಕ್ಕಾಲು ಪಾಲು ಮಾಯ, ತೊಳಸಾಟ ಇಲ್ಲ. ಮಾತ್ರೆ ಈಗ ರಾತ್ರಿಗೆ. ಒಂದೇ ಬ್ಯಾಗನ್ನು ಎರಡನೇ ಸಲ ಹಾಕಬಹುದಾ?

ಎಲೆಪ್ರಿಯ
ಬ್ಯಾಗ್‌ನಲ್ಲಿ ಹೆಚ್ಚಾಗಿ ಪುಡಿ ಇರುತ್ತದೆ, ಮೊದಲ ಸಲಕ್ಕೇ ಎಲ್ಲ ಬಿಟ್ಟುಬಿಡುತ್ತದೆ. ಬಿಡಿ ಎಲೆ ಆದರೆ ಎರಡು ಮೂರು ಸಲ ಆರಾಮಾಗಿ ಬರುತ್ತದೆ. ನನಗಂತೂ ಎರಡನೇ ಲೋಟವೇ ಇಷ್ಟ.