ಮೊದಲ ಲಿವರ್ ಆ್ಯಕ್ಷನ್ ರೈಫಲ್: .30-30 ಒಳ್ಳೆಯದೋ, .44-40 ಒಳ್ಳೆಯದೋ?

ಮುಳ್ಳೇರಿಯ_ಕೃಷಿಕ:

ನನ್ನ ಲೈಸೆನ್ಸಿನಲ್ಲಿ ಈಗ ಒಂಟಿ ನಳಿಗೆಯ 12 ಬೋರ್ ಕೋವಿ ಉಂಟು. ಎರಡನೆಯದಾಗಿ ಎನ್‌ಪಿ (ನಿಷೇಧವಿಲ್ಲದ) ಬೋರ್ ರೈಫಲ್ ಸೇರಿಸಲು ಕಾಸರಗೋಡು ವಿದ್ಯಾನಗರದ ಕಲೆಕ್ಟರೇಟಿನಿಂದ ಅನುಮತಿ ಸಿಕ್ಕಿದೆ. ಮಂಗಳೂರಿನ ಒಬ್ಬ ಡೀಲರ್ ಹತ್ತಿರ ಎರಡು ಹಳೆಯ ಲಿವರ್ ಆ್ಯಕ್ಷನ್ (ಟ್ರಿಗರಿನ ಕೆಳಗಿನ ಹಿಡಿ ಆಡಿಸಿ ತೋಟೆ ಏರಿಸುವ) ರೈಫಲ್ ಇವೆ. ಒಂದು ವಿಂಚೆಸ್ಟರ್ ಕಂಪನಿಯ 94 ಮಾದರಿ, .30-30 ಬೋರ್, 20 ಇಂಚು ನಳಿಗೆ. ಇನ್ನೊಂದು ವಿಂಚೆಸ್ಟರ್ 1892, .44-40, 24 ಇಂಚು ನಳಿಗೆ. ಮುಖ್ಯವಾಗಿ ರೇಂಜಿನಲ್ಲಿ ಗುರಿ ಅಭ್ಯಾಸಕ್ಕೆ ಬೇಕು. ಪಂಚಾಯತಿನ ಅನುಮತಿ ಇದ್ದಾಗ ತೋಟಕ್ಕೆ ಬರುವ ಕಾಡುಹಂದಿಗೂ ಆಗುತ್ತದೋ ಎಂದು ಯೋಚನೆ. ಯಾವುದು ತಗೊಳ್ಳಲಿ? ಅಂಗಡಿಯಲ್ಲಿ ಏನೇನು ಪರೀಕ್ಷಿಸಬೇಕು? ಗಡಿ ದಾಟಿಸಿ ತರುವ ಕ್ರಮ ಹೇಗೆ?

ನಳಿಗೆ_ನೋಟ:

ರೈಫಲ್ ಆರಿಸುವ ಮೊದಲು ತೋಟೆ ಆರಿಸಿ ಅಣ್ಣ. ಕೆ.ಎಫ್. (ಖಡ್ಕಿಯ ಕಾರ್ಖಾನೆ) ಮುದ್ರೆಯ .315 ಮತ್ತು .22 ನಮ್ಮಲ್ಲೇ ತಯಾರಾಗುತ್ತವೆ, ಡೀಲರುಗಳಲ್ಲಿ ಸಿಗುತ್ತವೆ. .30-30, .44-40 ಎರಡಕ್ಕೂ ಹೊರದೇಶದ ತೋಟೆಯನ್ನೇ ನಂಬಬೇಕು. ಹಾಗಾಗಿ ಕೋವಿಯ ಬೆಲೆ ಕೇಳುವ ಮೊದಲು "ಇದರ ತೋಟೆ ಈಗ ಎಷ್ಟು ಕೊಡುತ್ತೀರಿ, ಮುಂದಿನ ವರ್ಷ ಎಲ್ಲಿಂದ ತರಿಸುತ್ತೀರಿ" ಎಂದು ಕೇಳಿ. ಸರಿಯಾದ ಉತ್ತರ ಬಾರದಿದ್ದರೆ ಎಷ್ಟು ಚಂದದ ರೈಫಲ್ ಆದರೂ ಬಿಟ್ಟುಬಿಡಿ.

ಎರಡರಲ್ಲಿ ಒಂದು ಎಂದಾದರೆ ನಾನು ಹೇಳುವುದು .30-30. ಇದು 1895ರಲ್ಲಿ ಹೊಗೆಯಿಲ್ಲದ ಮದ್ದಿಗೆಂದೇ ಬಂದ ತೋಟೆ. 150 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು ಸೆಕೆಂಡಿಗೆ ಸುಮಾರು 2,390 ಅಡಿ, 170 ಗ್ರೇನ್ ಸುಮಾರು 2,200 ಅಡಿ ವೇಗದಲ್ಲಿ ಹೊರಡುತ್ತದೆ. 100 ಗಜಕ್ಕೆ ಗುರಿ ಕೂರಿಸಿದರೆ 200 ಗಜದಲ್ಲಿ ಏಳೆಂಟು ಇಂಚು ಕೆಳಗೆ ಬೀಳುತ್ತದೆ. .44-40 ಹುಟ್ಟಿದ್ದು 1873ರಲ್ಲಿ, ಕಪ್ಪು ಮದ್ದಿನ ಕಾಲದಲ್ಲಿ. 200 ಗ್ರೇನಿನ ದಪ್ಪ ಗುಂಡು, ವೇಗ ಸುಮಾರು 1,200 ಅಡಿ. ಒದೆತ ಕಡಿಮೆ, ಅಭ್ಯಾಸಕ್ಕೆ ಬಹಳ ಹಿತ. ಆದರೆ 100 ಗಜ ದಾಟುವಷ್ಟರಲ್ಲಿ ಗುಂಡು ಇಳಿಯತೊಡಗುತ್ತದೆ, ದೂರದ ಅಂದಾಜು ಸ್ವಲ್ಪ ತಪ್ಪಿದರೂ ಗುರಿ ತಪ್ಪುತ್ತದೆ.

ಹಳೆಯ .44-40 ತೋಟೆಗಳಲ್ಲಿ ಇನ್ನೊಂದು ಅಪಾಯ ಉಂಟು. 1892ರ ಗಟ್ಟಿ ಆ್ಯಕ್ಷನ್ನಿಗೆಂದು (ತೋಟೆ ಏರಿಸಿ ಬಿಗಿಯುವ ಯಂತ್ರಭಾಗ) ಹೆಚ್ಚು ವೇಗದ ತೋಟೆಗಳನ್ನೂ ಒಂದು ಕಾಲದಲ್ಲಿ ಮಾಡಿದ್ದರು. ಅವನ್ನು 1873ರ ಮಾದರಿಯಲ್ಲಿ ಹಾರಿಸಬಾರದು. ಅದರ ಬೋಲ್ಟನ್ನು (ತೋಟೆಯನ್ನು ಹಿಂದಿನಿಂದ ಮುಚ್ಚುವ ತುಂಡು) ಹಿಡಿದಿರುವುದು ಮಡಚುವ ಟಾಗಲ್ ಕೊಂಡಿ ಮಾತ್ರ, ಅಷ್ಟು ಒತ್ತಡ ಅದು ತಡೆಯುವುದಿಲ್ಲ. ಯಾರಾದರೂ 1873 ತೋರಿಸಿ ಎರಡೂ ಒಂದೇ ಎಂದರೆ ಒಪ್ಪಬೇಡಿ.

ಎರಡಕ್ಕೂ ಚಪ್ಪಟೆ ಮೂತಿಯ ಗುಂಡೇ ಬೇಕು. ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟೆಗಳು ಸಾಲಾಗಿ ಕೂರುತ್ತವೆ, ಹಿಂದಿನದರ ಮೂತಿ ಮುಂದಿನದರ ಪ್ರೈಮರಿಗೆ (ತಳದಲ್ಲಿ ಬೆಂಕಿ ಹೊತ್ತಿಸುವ ಭಾಗ) ತಾಗಿರುತ್ತದೆ. ಚೂಪು ಗುಂಡಾದರೆ ಒದೆತದ ಹೊಡೆತಕ್ಕೆ ಕೊಳವೆಯೊಳಗೇ ಸಿಡಿಯಬಹುದು. ಹಿತ್ತಾಳೆಯಲ್ಲಿ ಹಸಿರು ಕಿಲುಬು, ಕತ್ತಿನಲ್ಲಿ ಬಿರುಕು, ಕೈಯಲ್ಲಿ ತಿರುಗುವ ಸಡಿಲ ಗುಂಡು, ಇವುಗಳಲ್ಲಿ ಒಂದು ಕಂಡರೂ ಆ ಪೆಟ್ಟಿಗೆ ಬೇಡ.

ಸ್ಕ್ರೂ_ಮತ್ತು_ಸ್ಪ್ರಿಂಗ್:

ಪರೀಕ್ಷೆಗೆ ಹೋಗುವಾಗ ಸಣ್ಣ ಟಾರ್ಚು, ಬಿಳಿ ಬಟ್ಟೆಯ ತುಂಡು, ಆ ಬೋರಿನ ನಾಲ್ಕೈದು ಡಮ್ಮಿ (ಮದ್ದಿಲ್ಲದ) ತೋಟೆ ಬೇಕು. ಅಂಗಡಿಯೊಳಗೆ ಜೀವಂತ ತೋಟೆ ಹಾಕಿ ಲಿವರ್ ಆಡಿಸಲು ಯಾರು ಹೇಳಿದರೂ ಒಪ್ಪಬಾರದು.

ಮೊದಲು ಕೋವಿ ಖಾಲಿಯೆಂದು ಖಾತ್ರಿ ಮಾಡಿ. ಚೇಂಬರ್ (ನಳಿಗೆಯ ಹಿಂದೆ ತೋಟೆ ಕೂರುವ ಜಾಗ) ಮಾತ್ರವಲ್ಲ, ಕೊಳವೆಯೂ ಖಾಲಿ ಇರಬೇಕು. ಕೊಳವೆಯ ಸ್ಪ್ರಿಂಗ್ ದೂಡುವ ತುಂಡು, ಅಂದರೆ ಫಾಲೋವರ್, ಕಣ್ಣಿಗೆ ಕಾಣಬೇಕು. ಆಮೇಲೆ ಲಿವರ್ ಪೂರ್ತಿ ಇಳಿಸಿ, ಬಿಳಿ ಬಟ್ಟೆಯನ್ನು ಆ್ಯಕ್ಷನ್ನಿನಲ್ಲಿಟ್ಟು ಅದರ ಮೇಲೆ ಬೆಳಕು ಬಿಟ್ಟು ಮೂತಿಯಿಂದ ನೋಡಿ. ನಳಿಗೆಯೊಳಗಿನ ಸುರುಳಿ ಗೀರುಗಳ ಅಂಚು ಚೂಪಾಗಿ ಕಾಣಬೇಕು. ಅಲ್ಲಲ್ಲಿ ಕಪ್ಪು ಚುಕ್ಕೆ ಇದ್ದರೂ ಗುರಿ ಹಿಡಿಯಬಹುದು, ಆದರೆ ಎಲ್ಲಾದರೂ ಉಂಗುರದಂಥ ನೆರಳು ಕಂಡರೆ ನಳಿಗೆ ಒಳಗೆ ಉಬ್ಬಿದೆ ಎಂದರ್ಥ, ಅದನ್ನು ಬಿಡಿ. ಮೂತಿಯ ತುದಿಯನ್ನು ವಿಶೇಷವಾಗಿ ನೋಡಿ. 94 ಮತ್ತು 1892ರ ಬೋಲ್ಟ್ ಸುಲಭವಾಗಿ ಬಿಚ್ಚಿ ಬರುವುದಿಲ್ಲ, ಅದರಿಂದ ಹೆಚ್ಚಿನವರು ಮೂತಿಯಿಂದಲೇ ರಾಡ್ ಹಾಕಿ ತಿಕ್ಕುತ್ತಾರೆ. ವರ್ಷಗಟ್ಟಲೆ ಹಾಗೆ ತಿಕ್ಕಿದ ನಳಿಗೆಯಲ್ಲಿ ಕೊನೆಯ ಗೀರುಗಳು ಒಂದು ಬದಿಗೆ ಸವೆದಿರುತ್ತವೆ. ಎಷ್ಟು ಒಳ್ಳೆಯ ಸೈಟ್ ಹಾಕಿದರೂ ಅಂಥದ್ದರಲ್ಲಿ ಗುಂಡುಗಳು ಒಂದೇ ಕಡೆ ಗುಂಪಾಗಿ ಬೀಳುವುದಿಲ್ಲ.

ಹ್ಯಾಮರನ್ನು ಅರ್ಧ ಎಳೆದು ಹಾಫ್ ಕಾಕಿಗೆ ನಿಲ್ಲಿಸಿ ಟ್ರಿಗರ್ ಒತ್ತಿ: ಬೀಳಬಾರದು. ಪೂರ್ತಿ ಎಳೆದು, ಹಿಂದಿನಿಂದ ಹೆಬ್ಬೆರಳಿನಲ್ಲಿ ಮುಂದಕ್ಕೆ ದೂಡಿ: ಆಗಲೂ ಬೀಳಬಾರದು. ಬಿದ್ದರೆ ಸಿಯರ್ (ಹ್ಯಾಮರನ್ನು ಹಿಡಿದಿಡುವ ಕೊಕ್ಕೆ) ಸವೆದಿದೆ, ಅಥವಾ ಟ್ರಿಗರ್ ಹಗುರ ಮಾಡಲು ಯಾರೋ ಅರ ಹಾಕಿದ್ದಾರೆ. 94ರಲ್ಲಿ ಇನ್ನೊಂದು ಪರೀಕ್ಷೆ ಉಂಟು: ಲಿವರ್ ಪೂರ್ತಿ ಮುಚ್ಚಿ ಕೈಯಲ್ಲಿ ಅಮುಕದಿದ್ದರೆ ಟ್ರಿಗರ್ ಬಿಡಬಾರದು.

ನಂತರ ಡಮ್ಮಿ ತೋಟೆ ಬಲಬದಿಯ ಬಾಗಿಲಿನಿಂದ ತುಂಬಿಸಿ ಲಿವರ್ ಆಡಿಸಿ. ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ, ತಡೆಯಿಲ್ಲದೆ. ಹೊಸಬರ ಕೈಯಲ್ಲಿ ಸಿಕ್ಕಿಹಾಕಿಕೊಳ್ಳುವುದಕ್ಕೆ ಹೆಚ್ಚಾಗಿ ಕಾರಣ ಲಿವರನ್ನು ಅರ್ಧಕ್ಕೆ ನಿಲ್ಲಿಸುವುದು. ಬೋಲ್ಟ್ ಸಾಕಷ್ಟು ಹಿಂದೆ ಬರುವುದಿಲ್ಲ, ಮುಂದಿನ ತೋಟೆ ಸರಿಯಾಗಿ ಏಳುವುದಿಲ್ಲ. ಪೂರ್ತಿ ಆಡಿಸಿದರೂ ಸಿಕ್ಕಿಕೊಂಡರೆ ಕೋವಿಯ ದೋಷ, ಹೆಚ್ಚಾಗಿ ಲಿಫ್ಟರ್ (ತೋಟೆಯನ್ನು ಮೇಲಕ್ಕೆತ್ತುವ ತುಂಡು) ಅಥವಾ ಕೊಳವೆಯ ಸೊರಗಿದ ಸ್ಪ್ರಿಂಗ್. ಸ್ಪ್ರಿಂಗ್ ಬದಲಿಸುವುದು ಸುಲಭ, ಲಿಫ್ಟರ್ ಹಾಗಲ್ಲ.

94ರ ಮೇಲಿನ ಕ್ರಮಸಂಖ್ಯೆ ಸುಮಾರು 27 ಲಕ್ಷಕ್ಕಿಂತ ಕೆಳಗಿದ್ದರೆ ಅದು 1964ಕ್ಕಿಂತ ಮೊದಲಿನದು. 1964ರಲ್ಲಿ ಖರ್ಚು ಉಳಿಸಲು ಒತ್ತಿ ಮಾಡಿದ ತಗಡಿನ ಲಿಫ್ಟರ್ ಹಾಕಲು ಶುರು ಮಾಡಿದರು. ಕೆಲಸ ಮಾಡುತ್ತದೆ, ಆದರೆ ಬೆಲೆ ಅದಕ್ಕೆ ತಕ್ಕಂತೆ ಕಡಿಮೆ ಇರಬೇಕು.

ಸಾಧ್ಯವಾದರೆ ರೇಂಜಿನಲ್ಲಿ ಕೆಲವು ಗುಂಡು ಹಾರಿಸಿಯೇ ಹಣ ಕೊಡಿ. ಹಾರಿಸಿದ ತೋಟೆಯ ಖಾಲಿ ಕೋಶದ ತಳ ನೋಡಿ: ಪ್ರೈಮರ್ ಹೊರಕ್ಕೆ ಚಾಚಿದ್ದರೆ ಬೋಲ್ಟ್ ಮತ್ತು ಚೇಂಬರಿನ ನಡುವೆ ಅಂತರ ಜಾಸ್ತಿ. ಅದನ್ನು ಗನ್‌ಸ್ಮಿತ್ ಗೇಜ್ ಹಾಕಿ ಅಳೆಯುವವರೆಗೆ ಮತ್ತೊಂದು ಗುಂಡು ಹಾರಿಸಬಾರದು.

ಗಡಿನಾಡ_ಕಾನೂನು:

ಕ್ರಮದ ಬಗ್ಗೆ. ಆಯುಧ ಕಾಯ್ದೆಯ 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಕೋವಿ. ಅಂದರೆ ಈ ರೈಫಲ್ ಬಂದ ಮೇಲೆ ನಿಮಗೆ ಇನ್ನೊಂದಕ್ಕೆ ಜಾಗವಿಲ್ಲ. ಹಾಗಾಗಿ ಮೇಲಿನವರು ಹೇಳಿದ ತೋಟೆಯ ಮಾತನ್ನು ಎರಡು ಸಲ ಓದಿ.

ಲೈಸೆನ್ಸಿನಲ್ಲಿ ಮೂರು ವಿಷಯ ನೋಡಿ: ಖರೀದಿಗೆ ಕೊಟ್ಟ ಅವಧಿ, ತೋಟೆಯ ಮಿತಿ, ಮತ್ತು ಊರ್ಜಿತ ಪ್ರದೇಶ. ಪ್ರದೇಶ ಕೇರಳ ಮಾತ್ರ ಎಂದಿದ್ದರೆ ಗಡಿಯ ತಲಪಾಡಿಯ ಆಚೆಯಿಂದ ಕೋವಿ ಹಿಡಿದುಕೊಂಡು ಬರಲು ಆ ಕಾಗದ ಸಾಲದು. ಹಣ ಕೊಡುವ ಮೊದಲೇ ಕಲೆಕ್ಟರೇಟಿನಲ್ಲಿ ಬರವಣಿಗೆಯಲ್ಲಿ ಕೇಳಿ, ಬೇಕಾದ ಸಾಗಣೆ ಅನುಮತಿ ಮಾಡಿಸಿಕೊಳ್ಳಿ. ಡೀಲರಿನ ಬಿಲ್ಲು, ನಿಮ್ಮ ಲೈಸೆನ್ಸ್, ನಳಿಗೆ ಅಥವಾ ರಿಸೀವರ್ (ಆ್ಯಕ್ಷನ್ ಕೂರುವ ಲೋಹದ ಚೌಕಟ್ಟು) ಮೇಲಿನ ಸಂಖ್ಯೆ ಅಕ್ಷರಶಃ ಹೊಂದಬೇಕು. ಹಳೆಯ ಕೋವಿಯಲ್ಲಿ ಸಂಖ್ಯೆ ಅಳಿಸಿ ಮತ್ತೆ ಕೊರೆದಂತೆ ಕಂಡರೆ ಮುಟ್ಟಬೇಡಿ.

ಡೀಲರ್ ಅಲ್ಲದೆ ಖಾಸಗಿಯವರಿಂದ ಕೊಳ್ಳುವುದಾದರೆ 1959ರ ಆಯುಧ ಕಾಯ್ದೆಯ 5ನೇ ವಿಧಿ ಪ್ರಕಾರ ಮಾರುವವರು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಠಾಣೆಗೆ ಬರೆದು ತಿಳಿಸಿ 45 ದಿನ ಕಾಯಬೇಕು. ವಿಂಚೆಸ್ಟರ್ 1895 ಮಾದರಿ ಸಿಕ್ಕಿದರೂ ಬೋರ್ ಓದಿ: ಅದು .303ರಲ್ಲೂ ಬಂದಿದೆ, ಅದು ನಮ್ಮಲ್ಲಿ ನಿಷೇಧಿತ ಬೋರ್.

ಹಂದಿಯ ವಿಷಯಕ್ಕೆ ಬಂದರೆ, ನನ್ನ ಅಭಿಪ್ರಾಯ ಸ್ಪಷ್ಟ: ನಿಮ್ಮ 12 ಬೋರೇ ಸರಿ. ಕೇರಳದಲ್ಲಿ 2022ರಿಂದ ಸ್ಥಳೀಯ ಸಂಸ್ಥೆಯ ಮುಖ್ಯಸ್ಥರ ಆದೇಶದ ಮೇಲೆ, ಪಟ್ಟಿಯಲ್ಲಿರುವ ಲೈಸೆನ್ಸ್‌ದಾರರು ಮಾತ್ರ ಹೊಡೆಯಬಹುದು. ಲೈಸೆನ್ಸ್ ಇದ್ದ ಮಾತ್ರಕ್ಕೆ ಸ್ವಂತ ತೋಟದಲ್ಲೂ ಹೊಡೆಯುವ ಹಾಗಿಲ್ಲ. ನಮ್ಮ ಕಡೆ ಮನೆಗಳು ಒಟ್ಟಿಗಿಲ್ಲ, ತೋಟಕ್ಕೊಂದು ಮನೆ. .30-30 ಗುಂಡು ತಪ್ಪಿದರೆ ಎರಡು ಕಿಲೋಮೀಟರಿಗೂ ಆಚೆ ಹೋಗಬಲ್ಲದು. ಅಡಿಕೆ ಮರದ ನಡುವೆ, ರಾತ್ರಿ, ಹಿಂದೆ ಮುರಕಲ್ಲಿನ ಬರೆ ಇಲ್ಲದ ಸಮತಟ್ಟಿನಲ್ಲಿ ರೈಫಲ್ ಎತ್ತುವುದು ಬೇಡವೇ ಬೇಡ.

ಮುಳ್ಳೇರಿಯ_ಕೃಷಿಕ:

ಹಾಗಾದರೆ ಹಂದಿಯ ಯೋಚನೆ ಬಿಟ್ಟೆ. ಬರೀ ಗುರಿ ಅಭ್ಯಾಸಕ್ಕೆ ಎಂದಾದರೆ ನಿರ್ಧಾರ ಬದಲಾಗುತ್ತದೆಯೇ? 94ಕ್ಕೆ ಸ್ಕೋಪ್ (ಗುರಿಯ ದುರ್ಬೀನು) ಕೂರುತ್ತದೆಯೇ? ಮಳೆಗಾಲದಲ್ಲಿ ಇಡುವುದು ಹೇಗೆ?

ನಳಿಗೆ_ನೋಟ:

ಬದಲಾಗುತ್ತದೆ. ಬರೀ ಗುರಿಗೆ ಎಂದಾದರೆ .22 ಲಿವರ್ ಆ್ಯಕ್ಷನ್ ಹುಡುಕಿ. ಮಾರ್ಲಿನ್ 39ಎ, ಬ್ರೌನಿಂಗ್ ಬಿಎಲ್-22 ಅಂಥವು. ಹೊರದೇಶದ ಹೊಸ ಕೋವಿ ನಮ್ಮಂಥವರಿಗೆ ತರಿಸಲಾಗುವುದಿಲ್ಲ, ಹಳೆಯದಕ್ಕೆ ಕಾಯಬೇಕು. ಆದರೆ ತೋಟೆ ಇಲ್ಲೇ ಸಿಗುತ್ತದೆ, ಒದೆತ ಇಲ್ಲ, ಒಂದು .30-30ರ ಬೆಲೆಯಲ್ಲಿ ಹಲವು ಹಾರಿಸಬಹುದು. ಕೈ ಪಳಗುವುದು ಹಾರಿಸಿದ ಲೆಕ್ಕದಲ್ಲಿ. ಕಾಯಲು ಮನಸ್ಸಿಲ್ಲದಿದ್ದರೆ ಮಾತ್ರ ಆ 94.

1982ಕ್ಕಿಂತ ಮೊದಲಿನ 94ಕ್ಕೆ ಸ್ಕೋಪ್ ಮಾತು ಬಿಡಿ. ಖಾಲಿ ಕೋಶ ನೇರ ಮೇಲಕ್ಕೆ ಹಾರುತ್ತದೆ, ಸ್ಕೋಪಿಗೆ ಬಡಿದು ಮತ್ತೆ ಆ್ಯಕ್ಷನ್ನಿಗೇ ಬೀಳುತ್ತದೆ. ರಿಸೀವರ್ ಹಿಂದೆ ಪೀಪ್ ಸೈಟ್ (ಸಣ್ಣ ತೂತಿನ ಮೂಲಕ ಗುರಿ ನೋಡುವ ಸಾಧನ) ಹಾಕಿಸಿ, 100 ಗಜಕ್ಕೆ ಅದು ಧಾರಾಳ. ಆದರೆ ಗುಂಡಿ ಕೊರೆಯುವ ಮೊದಲು ಕೇಳಿ, 1964ಕ್ಕಿಂತ ಮೊದಲಿನದಕ್ಕೆ ಕೊರೆದರೆ ಬೆಲೆ ಇಳಿಯುತ್ತದೆ.

ಸ್ಕ್ರೂ_ಮತ್ತು_ಸ್ಪ್ರಿಂಗ್:

ಶುಚಿ ಮಾಡಲು ರಾಡಿನ ಬದಲು ಹಗ್ಗದ ಪುಲ್ ಥ್ರೂ ಇಟ್ಟುಕೊಳ್ಳಿ. ಚೇಂಬರಿನ ಕಡೆಯಿಂದ ಇಳಿಸಿ ಮೂತಿಯ ಕಡೆಗೆ ಎಳೆಯಿರಿ, ಮೂತಿ ಸವೆಯುವುದಿಲ್ಲ. ಮೊದಲು ಸಾಲ್ವೆಂಟ್ ಹಚ್ಚಿದ ಬಟ್ಟೆ, ಆಮೇಲೆ ಒಣ ಬಟ್ಟೆ ಕಪ್ಪು ನಿಲ್ಲುವವರೆಗೆ, ಕೊನೆಗೆ ತೆಳು ಎಣ್ಣೆ. ಮುಂದಿನ ಸಲ ಹಾರಿಸುವ ಮೊದಲು ಆ ಎಣ್ಣೆಯನ್ನು ಒರೆಸಿ ತೆಗೆಯಬೇಕು. ಬಹಳ ಹಳೆಯ ತೋಟೆ ಹಾರಿಸಿದ್ದರೆ ಅದರ ಪ್ರೈಮರಿನಲ್ಲಿ ಉಪ್ಪು ಉಳಿಸುವ ರಾಸಾಯನಿಕ ಇರಬಹುದು, ಎಣ್ಣೆಗೆ ಅದು ಕರಗದು. ಅವತ್ತೇ ಬಿಸಿನೀರಿನ ಬಟ್ಟೆ ಎಳೆದು, ಒಣಗಿಸಿ, ಆಮೇಲೆ ಎಣ್ಣೆ.

ಎಲ್ಲರೂ ಮರೆಯುವುದು ತೋಟೆಯ ಕೊಳವೆ. ಮುಂದಿನ ಮುಚ್ಚಳದ ಸ್ಕ್ರೂ ಬಿಚ್ಚುವಾಗ ಹೆಬ್ಬೆರಳು ಒತ್ತಿ ಹಿಡಿಯಿರಿ, ಸ್ಪ್ರಿಂಗ್ ಜೋರಾಗಿ ಹಾರುತ್ತದೆ. ಒಳಗೆ ಒರೆಸಿ ಎಣ್ಣೆಯನ್ನು ಸವರಿದಷ್ಟೇ ಹಚ್ಚಿ. ಹೆಚ್ಚಾದರೆ ತೋಟೆಯ ಪ್ರೈಮರಿಗೆ ಇಳಿದು ಕೆಡಿಸುತ್ತದೆ. ಜೂನಿನಿಂದ ಸೆಪ್ಟೆಂಬರ್ ತನಕ ರೆಕ್ಸಿನ್ ಚೀಲದಲ್ಲಾಗಲಿ ಚರ್ಮದ ಕವರಿನಲ್ಲಾಗಲಿ ಇಡಬೇಡಿ, ತೇವ ಹಿಡಿದು ಒಂದೇ ವಾರದಲ್ಲಿ ತುಕ್ಕು ಕಾಣುತ್ತದೆ. ಬೀಗದ ಕಪಾಟಿನಲ್ಲಿ ಸಿಲಿಕಾ ಜೆಲ್ ಇಟ್ಟು, ಮೂತಿ ಕೆಳಗೆ ಮಾಡಿ ನಿಲ್ಲಿಸಿ. ಹಾಗೆ ನಿಂತರೆ ಎಣ್ಣೆ ಹಿಂದಿನ ಮರಕ್ಕೆ ಇಳಿದು ಅದನ್ನು ಮೆದು ಮಾಡುವುದಿಲ್ಲ. ತೋಟೆ ಬೇರೆ ಬೀಗದಲ್ಲಿ.