ಕುತ್ತಿಗೆಯ ಹಿಂಭಾಗದ ಕೊಬ್ಬಿನ ಗಡ್ಡೆ: ಎಫ್‌ಎನ್‌ಎಸಿ ವರದಿಯ ಬಗ್ಗೆ

ಪ್ರಶ್ನೆ (ಬ್ರಹ್ಮಾವರ)
ನಮಸ್ಕಾರ. 62 ವರ್ಷದ ನನ್ನ ತಂದೆಯವರಿಗೆ ಅಂಗಿಯ ಕಾಲರ್ ತಾಗುವ ಜಾಗದಲ್ಲಿ ಸುಮಾರು 3 ಸೆಂ.ಮೀ. ಗಾತ್ರದ, ನೋವಿಲ್ಲದ ಗಡ್ಡೆಯೊಂದು ಕೆಲವು ವರ್ಷಗಳಿಂದ ಇದೆ. ಉಡುಪಿಯಲ್ಲಿ ಎಫ್‌ಎನ್‌ಎಸಿ (ಸಣ್ಣ ಸೂಜಿಯಿಂದ ಗಡ್ಡೆಯ ಕೋಶಗಳನ್ನು ತೆಗೆದು ನೋಡುವ ಪರೀಕ್ಷೆ) ಮಾಡಿಸಿದಾಗ, ಕೊಬ್ಬಿನ ಕೋಶಗಳ ಜೊತೆ ಸ್ಪಿಂಡಲ್ (ಕದಿರಿನಂತೆ ಉದ್ದನೆಯ) ಕೋಶಗಳಿವೆ, ಸ್ಪಿಂಡಲ್ ಸೆಲ್ ಲೈಪೋಮಾ (ಅಂಥ ಕೋಶಗಳಿರುವ ಕೊಬ್ಬಿನ ಗಡ್ಡೆ) ಇರಬಹುದು, ಬಯಾಪ್ಸಿಯಿಂದ ಖಚಿತಪಡಿಸಿಕೊಳ್ಳಬೇಕು ಎಂದು ವರದಿ ಬಂದಿದೆ. ಇದು ಕ್ಯಾನ್ಸರಿನ ಸೂಚನೆಯೇ? ಸೂಜಿ ಚುಚ್ಚಿದರೆ ಹರಡುತ್ತದೆ ಎಂದು ನೆರೆಮನೆಯವರು ಬೇರೆ ಹೆದರಿಸಿದ್ದಾರೆ.

ಉತ್ತರ 1 (ಪೆಥಾಲಜಿ ವೈದ್ಯೆ, ಮಂಗಳೂರು)
ವರದಿ ಬರೆದವರು ಎಚ್ಚರಿಕೆಯಿಂದ ಬರೆದಿದ್ದಾರೆ, ಅಷ್ಟೆ. ಸ್ಪಿಂಡಲ್ ಸೆಲ್ ಲೈಪೋಮಾ ಹೆಚ್ಚಾಗಿ 45 ದಾಟಿದ ಗಂಡಸರಲ್ಲಿ, ಕುತ್ತಿಗೆಯ ಹಿಂಭಾಗ, ಭುಜ, ಮೇಲ್ಬೆನ್ನಿನಲ್ಲಿ ಕಾಣಿಸಿಕೊಳ್ಳುವ ನಿರುಪದ್ರವಿ ಗಡ್ಡೆ. ಎನ್‌ಜಿಂಗರ್ ಮತ್ತು ಹಾರ್ವಿ ಎಂಬ ಸಂಶೋಧಕರು 1975ರಲ್ಲಿ ಇದನ್ನು ಪ್ರತ್ಯೇಕವಾಗಿ ವಿವರಿಸಿದರು. ನಿಮ್ಮ ತಂದೆಯವರ ವಯಸ್ಸೂ ಗಡ್ಡೆಯ ಜಾಗವೂ ಇದಕ್ಕೆ ಹೊಂದುತ್ತವೆ.

ಸ್ಲೈಡಿನಲ್ಲಿ ಬಲಿತ ಕೊಬ್ಬಿನ ಕೋಶಗಳ ನಡುವೆ ಒಂದೇ ತೆರನಾದ ತೆಳ್ಳನೆಯ ಉದ್ದ ಕೋಶಗಳೂ, ಲೋಳೆಯ ಹಿನ್ನೆಲೆಯೂ, ಹುರಿ ಹಗ್ಗದಂತೆ ದಪ್ಪಗಿರುವ ಕೊಲಾಜೆನ್ ಎಳೆಗಳೂ ಒಟ್ಟಿಗೆ ಸಿಕ್ಕರೆ ಬಹುಮಟ್ಟಿಗೆ ಈ ಹೆಸರನ್ನೇ ಹೇಳುತ್ತೇವೆ. ತೊಡಕೆಂದರೆ, ಎಲ್ಲವೂ ಒಂದೇ ಚುಚ್ಚಿಗೆ ಸಿಗುವುದಿಲ್ಲ. ಸೂಜಿ ಬರೀ ಕೊಬ್ಬಿದ್ದ ಕಡೆ ಹೋದರೆ ಸಾಧಾರಣ ಲೈಪೋಮಾ ಎನಿಸುತ್ತದೆ, ಸ್ಪಿಂಡಲ್ ಕೋಶಗಳೇ ತುಂಬಿದ್ದ ಕಡೆ ಹೋದರೆ ನರದ ಗಡ್ಡೆಯಿರಬಹುದೇ ಎಂಬ ಅನುಮಾನ ಹುಟ್ಟುತ್ತದೆ. ಇದೇ ಗುಂಪಿನ ಪ್ಲಿಯೊಮಾರ್ಫಿಕ್ ಲೈಪೋಮಾದಲ್ಲಂತೂ, ನ್ಯೂಕ್ಲಿಯಸ್‌ಗಳನ್ನು ಅಂಚಿನುದ್ದಕ್ಕೂ ಜೋಡಿಸಿಕೊಂಡ ದೈತ್ಯ ಕೋಶಗಳನ್ನು ಕಂಡು ಲೈಪೋಸಾರ್ಕೋಮಾ (ಕೊಬ್ಬಿನ ಅಂಗಾಂಶದ ಕ್ಯಾನ್ಸರ್) ಎಂದು ಭಾವಿಸುವ ಅಪಾಯವಿದೆ. ಆದ್ದರಿಂದಲೇ ಸೆಲ್ ಬ್ಲಾಕ್ (ಸೂಜಿಯಲ್ಲಿ ಬಂದ ಕೋಶಗಳನ್ನು ಮೇಣದಲ್ಲಿ ಹುದುಗಿಸಿದ ತುಣುಕು) ಅಥವಾ ಬಯಾಪ್ಸಿಯ ತುಣುಕಿನ ಮೇಲೆ ಸಿಡಿ34 ಎಂಬ ಪ್ರೋಟೀನ್ ಇದೆಯೇ ಎಂಬ ಪರೀಕ್ಷೆ ಮಾಡುತ್ತಾರೆ. ಅದು ಪಾಸಿಟಿವ್ ಬಂದು, ಕೋಶಗಳಲ್ಲಿ ಆರ್‌ಬಿ ಎಂಬ ಪ್ರೋಟೀನ್ ಇಲ್ಲದೆ, ಎಂಡಿಎಂ2 ಎಂಬ ಜೀನ್‌ನ ಪ್ರತಿಗಳು ಹೆಚ್ಚಿರದಿದ್ದರೆ ಲೈಪೋಸಾರ್ಕೋಮಾದ ಸಂದೇಹ ಬಹುತೇಕ ದೂರವಾಗುತ್ತದೆ.

ಉತ್ತರ 2 (ಸರ್ಜನ್, ಮಣಿಪಾಲ)
ಸೂಜಿಯಿಂದ ಹರಡುತ್ತದೆ ಎಂಬ ಮಾತನ್ನು ಓಪಿಡಿಯಲ್ಲಿ ದಿನವೂ ಕೇಳುತ್ತೇವೆ. ನಿರುಪದ್ರವಿ ಗಡ್ಡೆಯಲ್ಲಿ ಹರಡಲು ಏನೂ ಇಲ್ಲ. ಬಳಸುವುದೂ 23 ಅಥವಾ 25 ಗೇಜಿನ ಸಣ್ಣ ಸೂಜಿಯನ್ನೇ. ಇಷ್ಟು ಚಿಕ್ಕದಾಗಿ ಚರ್ಮದಡಿಯಲ್ಲೇ ಇರುವ ಗಡ್ಡೆಯನ್ನು ಇಡಿಯಾಗಿ ತೆಗೆದು ಹಿಸ್ಟೊಪೆಥಾಲಜಿಗೆ (ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಗೆ) ಕಳುಹಿಸಿದರೆ ರೋಗನಿರ್ಣಯವೂ ಚಿಕಿತ್ಸೆಯೂ ಒಟ್ಟಿಗೆ ಮುಗಿಯುತ್ತವೆ. ಗಡ್ಡೆ ಮತ್ತೆ ಬರುವುದು ಅಪರೂಪ. ಅದು ಸ್ನಾಯುವಿನೊಳಗೆ ಆಳದಲ್ಲಿದ್ದರೆ ಅಥವಾ ಬೇಗ ಬೆಳೆಯುತ್ತಿದ್ದರೆ ಮಾತ್ರ ಮೊದಲು ಎಂಆರ್‌ಐ ಮಾಡಿಸುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. ಹಳೆಯ ಸ್ಲೈಡುಗಳನ್ನು ಮಂಗಳೂರಿನಲ್ಲಿ ಇನ್ನೊಬ್ಬರಿಗೆ ತೋರಿಸಬಹುದೇ?

ಉತ್ತರ 1
ಖಂಡಿತ ತೋರಿಸಬಹುದು. ಲ್ಯಾಬಿಗೆ ಅರ್ಜಿ ಕೊಟ್ಟು ಗಿಮ್ಸಾ ಮತ್ತು ಪ್ಯಾಪ್ ಬಣ್ಣ ಹಾಕಿದ ಸ್ಲೈಡುಗಳೆರಡನ್ನೂ ಪಡೆಯಿರಿ, ಮೂಲ ವರದಿಯ ಪ್ರತಿಯೂ ಜೊತೆಗಿರಲಿ. ಗಡ್ಡೆ ಎಲ್ಲಿದೆ, ಎಷ್ಟು ವರ್ಷದಿಂದ ಇದೆ ಎಂಬುದನ್ನು ಬರೆದು ಕೊಡಿ. ಅದಿಲ್ಲದೆ ಬರೀ ಸ್ಲೈಡ್ ನೋಡಿ ಹೇಳುವುದು ನಮಗೂ ಕಷ್ಟ.