ಚೀಟಿ ಬರೆದುಕೊಂಡೇ ಹೋಗುತ್ತೇನೆ, ಆದರೂ ಸೊಪ್ಪು ಕೊಳೆಯುತ್ತದೆ, ಬಿಸ್ಕತ್ತು ಖಾಲಿಯಾಗುತ್ತದೆ. ನಿಮ್ಮಲ್ಲೂ ಹೀಗೇನಾ?

ಖಾಲಿಬುಟ್ಟಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ನಾಚಿಕೆಯ ವಿಷಯ, ಆದರೂ ಕೇಳಿಯೇ ಬಿಡುತ್ತೇನೆ. ಮನೆಯಲ್ಲಿ ನಾವು ಮೂವರು. ನಾನು, ಹೆಂಡತಿ, ಹತ್ತು ವರ್ಷದ ಮಗಳು. ಐದು ತಿಂಗಳ ಹಿಂದೆ ರಕ್ತ ಪರೀಕ್ಷೆ ಮಾಡಿಸಿದಾಗ ನನ್ನ ಸಕ್ಕರೆ ಗಡಿಯ ಹತ್ತಿರ ಬಂದಿದೆ ಅಂತ ಗೊತ್ತಾಯಿತು. ಸದ್ಯಕ್ಕೆ ಮಾತ್ರೆ ಬೇಡ, ಊಟ ತಿಂಡಿ ಬದಲಿಸಿ, ದಿನಾ ನಡೆಯಿರಿ ಅಂದರು ಡಾಕ್ಟರು. ಅವರು ಒಂದು ನಿಮಿಷದಲ್ಲಿ ಹೇಳಿ ಮುಗಿಸಿದ್ದನ್ನು ಮಾಡಲು ನಾನು ಐದು ತಿಂಗಳಿಂದ ಒದ್ದಾಡುತ್ತಿದ್ದೇನೆ.

ವಾರಕ್ಕೊಮ್ಮೆ ಸಾಮಾನು ತರುವುದು ನನ್ನ ಪಾಲಿನ ಕೆಲಸ. ಮೊದಲು ಕೈಗೆ ಸಿಕ್ಕಿದ್ದು ತರುತ್ತಿದ್ದೆ. ಈಗ ಚೀಟಿ ಬರೆದುಕೊಂಡು ಹೋಗುತ್ತೇನೆ. ಎರಡು ಮೂರು ಕಟ್ಟು ಸೊಪ್ಪು, ಕ್ಯಾರೆಟ್, ಬೀನ್ಸ್, ಸೇಬು, ಬ್ರೌನ್ ಬ್ರೆಡ್, ಓಟ್ಸ್. ಮನೆಗೆ ಬಂದು ಎಲ್ಲವನ್ನೂ ಫ್ರಿಡ್ಜಿನಲ್ಲಿ ಜೋಡಿಸಿ ಬಾಗಿಲು ಹಾಕುವಾಗ ಅರ್ಧ ರೋಗ ವಾಸಿಯಾದ ಹಾಗೆ ಅನ್ನಿಸುತ್ತದೆ. ಮುಂದಿನ ಶುಕ್ರವಾರ ಅದೇ ಬಾಗಿಲು ತೆಗೆದರೆ ಸೊಪ್ಪು ತಳದಲ್ಲಿ ನೀರಾಗಿರುತ್ತದೆ, ಕ್ಯಾರೆಟ್ ಹಗ್ಗದ ಹಾಗೆ ಬಾಗುತ್ತದೆ, ಓಟ್ಸ್ ಪೊಟ್ಟಣ ಹೋದ ತಿಂಗಳು ಕತ್ತರಿಸಿದ ಜಾಗದಲ್ಲೇ ಇರುತ್ತದೆ. ಮಗಳಿಗೆ ಅಂತ ತಂದ ಬಿಸ್ಕತ್ತು ಮಾತ್ರ ಮಂಗಳವಾರವೇ ಖಾಲಿ. ಯಾರು ತಿಂದರು ಅಂತ ಕೇಳಬೇಡಿ.

ಬಿಲ್ ಬೇರೆ ಜಾಸ್ತಿಯಾಗಿದೆ. ಯಾಕೆಂದರೆ ಒಳ್ಳೆಯದನ್ನೂ ತರುತ್ತೇನೆ, ಹಳೆಯದನ್ನೂ ಬಿಟ್ಟಿಲ್ಲ! ನಿಜವಾಗಿ ಬದಲಾದವರು ಯಾರಾದರೂ ಇದ್ದರೆ ಹೇಗೆ ಬದಲಾದಿರಿ, ಏನು ತರುವುದು ಬಿಟ್ಟಿರಿ, ಸ್ವಲ್ಪ ಹೇಳಿ. ಮನಸ್ಸು ಗಟ್ಟಿ ಮಾಡಿಕೊಳ್ಳಿ ಅಂತ ಮಾತ್ರ ಬರೆಯಬೇಡಿ. ಅದು ಇದ್ದಿದ್ದರೆ ಇಲ್ಲಿಗೆ ಯಾಕೆ ಬರುತ್ತಿದ್ದೆ.

ಸಂಜೆಹಸಿವು:

ನೀವು ಬರೆದದ್ದು ಓದಿ ನಗು ಬಂತು, ಯಾಕೆಂದರೆ ಎರಡು ವರ್ಷ ನನ್ನದೂ ಇದೇ ಕತೆ. ನನಗೆ ಅನ್ನಿಸುವುದು ಇಷ್ಟು. ನೀವು ನಿಮಗೋಸ್ಕರ ಸಾಮಾನು ತರುತ್ತಿಲ್ಲ. ದಿನಾ ಸಂಜೆ ಒಂದು ಗಂಟೆ ಖುಷಿಯಿಂದ ಸೊಪ್ಪು ಬಿಡಿಸುತ್ತಾ ಕೂರುವ ಯಾರೋ ಒಬ್ಬರಿಗೋಸ್ಕರ ತರುತ್ತಿದ್ದೀರಿ. ಆ ಮನುಷ್ಯ ನಿಮ್ಮ ಮನೆಯಲ್ಲಿ ಇಲ್ಲ.

ನಾನು ಮಾಡಿದ್ದು ತುಂಬಾ ಸಣ್ಣ ಕೆಲಸ. ಮೂರು ವಾರ ಬಿಲ್ಲುಗಳನ್ನು ಬಿಸಾಡದೆ ಫ್ರಿಡ್ಜಿನ ಬಾಗಿಲಿಗೆ ಅಂಟಿಸಿಟ್ಟೆ. ಪ್ರತಿ ಸಾಮಾನಿನ ಮುಂದೆ ಪೆನ್ನಿನಲ್ಲಿ ಬರೆದೆ: ತಿಂದೆವು, ಅರ್ಧ ತಿಂದೆವು, ಕಸಕ್ಕೆ ಹೋಯಿತು. ಮೂರನೇ ವಾರಕ್ಕೆ ಗೊತ್ತಾದದ್ದು ಏನೆಂದರೆ ಸೊಪ್ಪನ್ನು ನಾನು ತಂದ ದಿನ ಇಲ್ಲವೇ ಮಾರನೇ ದಿನ ಮಾಡಿದರೆ ಮಾಡಿದೆ, ಮೂರನೇ ದಿನಕ್ಕೆ ಉಳಿದರೆ ಅದು ಕಸವೇ. ಒಂದು ಸಲವೂ ತಪ್ಪಿಲ್ಲ. ಈಗ ಒಂದೇ ಕಟ್ಟು ತರುತ್ತೇನೆ, ಅದೂ ಆ ಸಂಜೆಯೇ ಒಲೆಗೆ. ವಾರದ ಕೊನೆಗೆ ಕೋಸು, ಕ್ಯಾರೆಟ್, ಕುಂಬಳ, ಅಂದರೆ ಕಾಯುವ ತಾಳ್ಮೆ ಇರುವ ತರಕಾರಿಗಳು.

ಇನ್ನೊಂದು ವಿಷಯ. ಸೇಬನ್ನು ಸೊಪ್ಪಿನ ಜೊತೆ ಒಂದೇ ಡ್ರಾಯರಿನಲ್ಲಿ ಇಡುತ್ತೀರಾ? ಸೇಬು, ಮಾಗಿದ ಬಾಳೆಹಣ್ಣು ಎಥಿಲೀನ್ ಅನ್ನುವ ಅನಿಲ ಬಿಡುತ್ತವೆ, ಅದು ತಾಗಿದರೆ ಸೊಪ್ಪು ಬೇಗ ಹಳದಿಯಾಗುತ್ತದೆ. ಬೇರೆ ಬೇರೆ ಇಡಿ. ತೊಳೆದ ಸೊಪ್ಪನ್ನು ಒದ್ದೆಯಾಗಿಯೇ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡಬೇಡಿ, ಒಣ ಬಟ್ಟೆಯಲ್ಲಿ ಸುತ್ತಿಡಿ. ನನಗೆ ಇದನ್ನು ಯಾರೂ ಹೇಳಿರಲಿಲ್ಲ, ಎರಡು ವರ್ಷ ಸುಮ್ನೆ ನನ್ನ ಸೋಮಾರಿತನವನ್ನೇ ಬೈದುಕೊಂಡೆ.

ಹಾಂ, ಫ್ರೋಜನ್ ಬಟಾಣಿ. ಮೊದಲು ನನಗೂ ಅಸಡ್ಡೆ ಇತ್ತು. ಕಿತ್ತ ಸ್ವಲ್ಪ ಹೊತ್ತಿಗೇ ಬಿಸಿನೀರು ತೋರಿಸಿ ಹೆಪ್ಪುಗಟ್ಟಿಸುವುದರಿಂದ ಸತ್ವ ಚೆನ್ನಾಗಿಯೇ ಉಳಿಯುತ್ತದೆ. ನನ್ನ ಫ್ರಿಡ್ಜಿನಲ್ಲಿ ಆರು ದಿನ ಬಾಡಿದ ತಾಜಾ ತರಕಾರಿಗಿಂತ ವಾಸಿ.

ಸಣ್ಣಕ್ಷರ:

ನಾನು ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಓದುವವನು. ನನ್ನ ಹೆಂಡತಿ ನನ್ನ ಜೊತೆ ಅಂಗಡಿಗೆ ಬರುವುದನ್ನೇ ಬಿಟ್ಟಿದ್ದಾಳೆ, ಅದು ಬೇರೆ ಮಾತು.

ಖಾಲಿಬುಟ್ಟಿಯವರೇ, ಮೊದಲು ನಿಮ್ಮ ಬ್ರೌನ್ ಬ್ರೆಡ್ ತಿರುಗಿಸಿ ನೋಡಿ. ಅದರಲ್ಲಿ ಏನೇನು ಹಾಕಿದ್ದಾರೆ ಅಂತ ಬರೆದಿರುವ ಪಟ್ಟಿ ಸಾಮಾನ್ಯವಾಗಿ ತೂಕದ ಲೆಕ್ಕದಲ್ಲಿ ಇರುತ್ತದೆ, ಜಾಸ್ತಿ ಇರುವುದು ಮೊದಲು. ಮೊದಲ ಹೆಸರು ಮೈದಾ ಆಗಿದ್ದರೆ ಕಂದು ಬರೀ ಬಣ್ಣ ಅಷ್ಟೇ. ಎರಡನೆಯದು, ಒಂದು ಸರ್ವಿಂಗಿಗೆ ಇಷ್ಟು ಅನ್ನುವ ಕಾಲಂ ನೋಡಬೇಡಿ. ಸರ್ವಿಂಗ್ ಅಂದರೆ ಅವರ ಲೆಕ್ಕದಲ್ಲಿ ಎರಡು ಬಿಸ್ಕತ್ತು ಇರಬಹುದು, ಎರಡಕ್ಕೆ ಯಾರು ನಿಲ್ಲಿಸುತ್ತಾರೆ ಹೇಳಿ. 100 ಗ್ರಾಂ ಕಾಲಂ ನೋಡಿ, ಆಗ ಒಂದಕ್ಕೊಂದು ಹೋಲಿಸಬಹುದು. ಸಕ್ಕರೆ ಗ್ರಾಮಿನಲ್ಲಿ ಬರೆದಿರುತ್ತಾರೆ, ಅದನ್ನು 4ರಿಂದ ಭಾಗಿಸಿ, ಅಷ್ಟು ಚಮಚ. 100 ಗ್ರಾಮಿಗೆ 24 ಗ್ರಾಂ ಅಂತ ಓದಿದರೆ ಏನೂ ಅನ್ನಿಸುವುದಿಲ್ಲ, ಆರು ಚಮಚ ಸಕ್ಕರೆಯನ್ನು ಒಂದು ತಟ್ಟೆಗೆ ಸುರಿದು ನೋಡಿ, ಆಗ ಗೊತ್ತಾಗುತ್ತದೆ. ನಾನು ಸುರಿದು ನೋಡಿದ್ದೇನೆ. ಪಟ್ಟಿಯಲ್ಲಿ ಸಕ್ಕರೆ ಅಂತಲೇ ಇರಬೇಕಾಗಿಲ್ಲ, ಗ್ಲೂಕೋಸ್ ಸಿರಪ್, ಡೆಕ್ಸ್‌ಟ್ರೋಸ್, ಮಾಲ್ಟೋಸ್, ಹಣ್ಣಿನ ರಸದ ಸಾಂದ್ರ ಎಲ್ಲವೂ ಅದೇ ಮನೆತನ.

ಎಷ್ಟು ತಿನ್ನಬಹುದು ಅಂದರೆ, ದಿನದ ಒಟ್ಟು ಕ್ಯಾಲೊರಿಯಲ್ಲಿ ಇಂಥ ಸಕ್ಕರೆ ಶೇ. 10ಕ್ಕಿಂತ ಕಡಿಮೆ ಇರಲಿ, ಶೇ. 5ಕ್ಕೆ ಇಳಿದರೆ ಇನ್ನೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. 2000 ಕ್ಯಾಲೊರಿ ತಿನ್ನುವವರಿಗೆ ಅದು 50 ಗ್ರಾಂ ಮತ್ತು 25 ಗ್ರಾಂ. ಇಡೀ ಹಣ್ಣಿನಲ್ಲಿ, ಹಾಲಿನಲ್ಲಿ ತಾನಾಗಿ ಇರುವ ಸಕ್ಕರೆ ಈ ಲೆಕ್ಕಕ್ಕೆ ಬರುವುದಿಲ್ಲ. ಹಣ್ಣಿನ ಜ್ಯೂಸ್ ಬರುತ್ತದೆ. ಇದು ಆರೋಗ್ಯವಂತರಿಗೆ ಹೇಳಿದ ಮಾತು, ನಿಮ್ಮ ಲೆಕ್ಕ ನಿಮ್ಮ ಡಾಕ್ಟರ ಹತ್ತಿರವೇ ಕೇಳಿ.

ಮನಸ್ಸು ಗಟ್ಟಿ ಮಾಡುವ ವಿಷಯ ಎತ್ತಿದಿರಲ್ಲ, ಅದಕ್ಕೊಂದು ಸಮಾಧಾನ ಇದೆ. 2019ರಲ್ಲಿ ಅಮೆರಿಕದ ಸರಕಾರಿ ಆರೋಗ್ಯ ಸಂಶೋಧನಾ ಸಂಸ್ಥೆಯಲ್ಲಿ ಕೆವಿನ್ ಹಾಲ್ ಅನ್ನುವವರು 20 ಜನರನ್ನು ಒಳಗೇ ಇರಿಸಿಕೊಂಡು ಎರಡು ವಾರ ಪೊಟ್ಟಣದ ಆಹಾರ, ಎರಡು ವಾರ ಮನೆಯಡುಗೆಯಂಥ ಆಹಾರ ಕೊಟ್ಟರು. ಮುಂದಿಟ್ಟ ಎರಡರಲ್ಲೂ ಕ್ಯಾಲೊರಿ, ಸಕ್ಕರೆ, ಕೊಬ್ಬು, ಉಪ್ಪು, ನಾರು ಸಮ ಇರುವ ಹಾಗೆ ನೋಡಿಕೊಂಡಿದ್ದರು. ಎಷ್ಟು ಬೇಕಾದರೂ ತಿನ್ನಿ ಅಂದರು. ಪೊಟ್ಟಣದ ಆಹಾರ ಕೊಟ್ಟಾಗ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು, ಸರಾಸರಿ ಒಂದು ಕೆಜಿಗೆ ಸ್ವಲ್ಪ ಕಡಿಮೆ ತೂಕ ಏರಿತು. ಸಣ್ಣ ಅಧ್ಯಯನ, ಒಪ್ಪುತ್ತೇನೆ. ಆದರೆ ನಿಮ್ಮ ಬಿಸ್ಕತ್ತು ಮಂಗಳವಾರಕ್ಕೇ ಖಾಲಿಯಾಗುವುದಕ್ಕೆ ನೀವೊಬ್ಬರೇ ಕಾರಣ ಅಲ್ಲ.

ರಾತ್ರಿಪಾಳಿ:

ಬೇಜಾರು ಮಾಡಿಕೊಳ್ಳಬೇಡಿ, ಇದೆಲ್ಲ ಪುರುಸೊತ್ತು ಇರುವವರ ಮಾತು. ನಾನು ರಾತ್ರಿಪಾಳಿ ಮುಗಿಸಿ, ಕಣ್ಣು ಎಳೆಯುತ್ತಾ, ಹೊಟ್ಟೆ ಹಸಿದುಕೊಂಡು ಅಂಗಡಿಗೆ ಹೋಗುವವಳು. ಆ ಹೊತ್ತಿನಲ್ಲಿ ಲೇಬಲ್ ಓದುವುದಿರಲಿ, ನನ್ನ ಹೆಸರು ಓದಿದರೆ ದೊಡ್ಡದು.

ನನಗೆ ಉಪಯೋಗಕ್ಕೆ ಬಂದದ್ದು ಬ್ಯಾಗಿನಲ್ಲಿ ಒಂದು ಬಾಳೆಹಣ್ಣು. ಅಂಗಡಿಯ ಬಾಗಿಲಲ್ಲೇ ತಿಂದು ಒಳಗೆ ಹೋಗುತ್ತೇನೆ. ನಗಬೇಡಿ. ಹಸಿದ ಹೊಟ್ಟೆಯಲ್ಲಿ ಹೋದ ದಿನದ ಬಿಲ್ಲನ್ನೂ ತಿಂದು ಹೋದ ದಿನದ ಬಿಲ್ಲನ್ನೂ ಪಕ್ಕದಲ್ಲಿಟ್ಟರೆ ಬೇರೆ ಬೇರೆ ಮನೆಯದು ಅನ್ನಿಸುತ್ತದೆ.

ಆಮೇಲೆ ಆನ್‌ಲೈನಿಗೆ ಹೋದೆ. ಹೋದ ವಾರದ ಪಟ್ಟಿಯನ್ನೇ ಮತ್ತೆ ತರಿಸುವುದು. ಕಣ್ಣ ಮುಂದೆ ಕಪಾಟು ಇಲ್ಲ, ಬಿಲ್ ಕೌಂಟರ್ ಪಕ್ಕದ ಚಾಕಲೇಟ್ ಇಲ್ಲ. ಆದರೆ ಅಲ್ಲೂ ಒಂದು ಗುಂಡಿ ಇದೆ. ಇನ್ನು ಸ್ವಲ್ಪ ತಗೊಂಡರೆ ಡೆಲಿವರಿ ಉಚಿತ ಅಂತ ತೋರಿಸುತ್ತದೆ. ಡೆಲಿವರಿ ಖರ್ಚು ಉಳಿಸಲು ನಾನು ಎಷ್ಟು ಚಿಪ್ಸ್ ತರಿಸಿದ್ದೇನೋ ಲೆಕ್ಕ ಇಲ್ಲ. ಈಗ ಆ ಕೊರತೆ ತುಂಬಲು ಕಾಳು ಮಾತ್ರ ಹಾಕುತ್ತೇನೆ, ಅದು ಕೆಡುವುದಿಲ್ಲ.

ಕಾಳನ್ನು ರಜೆಯ ದಿನ ಒಂದೇ ಸಲ ಬೇಯಿಸಿ ಚಿಕ್ಕ ಚಿಕ್ಕ ಡಬ್ಬಗಳಲ್ಲಿ ಫ್ರೀಜರಿಗೆ ಹಾಕುತ್ತೇನೆ. ಅನ್ನವನ್ನೂ ಹಾಗೇ. ಅನ್ನದ ವಿಷಯದಲ್ಲಿ ಒಂದು ಎಚ್ಚರಿಕೆ. ಮಾಡಿದ ಪಾತ್ರೆಯಲ್ಲೇ ರಾತ್ರಿಯಿಡೀ ಹೊರಗೆ ಬಿಟ್ಟು ಬೆಳಿಗ್ಗೆ ಬಿಸಿ ಮಾಡಿ ತಿನ್ನಬೇಡಿ. ಅಕ್ಕಿಯಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣ ಕುದಿಸಿದರೂ ಸಾಯುವುದಿಲ್ಲ, ಹೊರಗಿಟ್ಟ ಅನ್ನದಲ್ಲಿ ಬೆಳೆದು ವಿಷ ಬಿಡುತ್ತದೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅಗಲ ತಟ್ಟೆಗೆ ಹರಡಿ, ಬೇಗ ಆರಿಸಿ, ಒಂದು ಗಂಟೆಯೊಳಗೆ ಒಳಗಿಡಿ. ನಾನು ಒಂದು ಸಲ ವಾಂತಿ ಮಾಡಿಕೊಂಡು ಕಲಿತೆ.

ಇನ್‌ಸ್ಟಂಟ್ ನೂಡಲ್ಸ್ ಬಿಟ್ಟಿಲ್ಲ. ದಿನಾ ತಿನ್ನುತ್ತಿದ್ದೆ, ಈಗ ವಾರಕ್ಕೆ ಎರಡು ಸಲ, ಮಸಾಲೆ ಪುಡಿ ಅರ್ಧ ಹಾಕಿ, ಒಂದು ಮೊಟ್ಟೆ ಒಡೆದು. ಇದನ್ನು ಸೋಲು ಅಂತ ಕರೆಯುವವರು ಒಂದು ವಾರ ನನ್ನ ಪಾಳಿಗೆ ಬಂದು ನೋಡಲಿ.

ಸಣ್ಣಕ್ಷರ:

ಸರಿ ಸರಿ, ತಪ್ಪಾಯಿತು ರಾತ್ರಿಪಾಳಿಯವರೇ. ಒಂದು ತಿದ್ದುಪಡಿ ಸೇರಿಸುತ್ತೇನೆ. ಲೇಬಲ್ಲನ್ನು ಅಂಗಡಿಯಲ್ಲಿ ಓದಬೇಕಾಗಿಲ್ಲ. ಮನೆಯಲ್ಲಿರುವ ಪೊಟ್ಟಣಗಳನ್ನೇ ಒಂದು ಭಾನುವಾರ ಓದಿ, ಯಾವುದು ಉಳಿಯಬೇಕು ಯಾವುದು ಬೇಡ ಅಂತ ನಿರ್ಧರಿಸಿ, ಆಮೇಲೆ ಓದುವುದನ್ನು ಬಿಟ್ಟುಬಿಡಿ.

ಅಜ್ಜಿಮಾತು:

ನನಗೆ ಅರವತ್ತೆಂಟು. ಮಕ್ಕಳೆಲ್ಲ ದೂರ ಇದ್ದಾರೆ, ಮನೆಯಲ್ಲಿ ನಾವಿಬ್ಬರೇ. ಖಾಲಿಬುಟ್ಟಿಯವರು ನನ್ನ ಮಗನ ವಯಸ್ಸಿನವರು ಅನ್ನಿಸುತ್ತದೆ, ಅದಕ್ಕೆ ನೇರವಾಗಿ ಹೇಳುತ್ತೇನೆ. ಮಗುವಿನ ಹೆಸರಲ್ಲಿ ತಂದು ನೀನು ತಿನ್ನುವುದನ್ನು ಮೊದಲು ಬಿಡಪ್ಪ. ನಾನೂ ಮೊಮ್ಮಕ್ಕಳು ಬಂದರೆ ಇರಲಿ ಅಂತ ಡಬ್ಬ ತುಂಬಿಡುತ್ತಿದ್ದೆ. ಮೊಮ್ಮಕ್ಕಳು ವರ್ಷಕ್ಕೊಮ್ಮೆ ಬರುವುದು. ಡಬ್ಬ ತಿಂಗಳಿಗೆರಡು ಸಲ ಖಾಲಿಯಾಗುತ್ತಿತ್ತು.

ನಮ್ಮಲ್ಲಿ ಬದಲಾಗಬೇಕಾಗಿದ್ದು ಉಪ್ಪು. ನಮ್ಮ ಮನೆಯವರಿಗೆ ಬಿಪಿ. ದಿನಕ್ಕೆ ಒಬ್ಬರಿಗೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ, ಅದೂ ಬ್ರೆಡ್ಡು, ಸಾಸು, ಕುರುಕಲು ಎಲ್ಲ ಸೇರಿ ಅಂದಾಗ ನನಗೆ ನಂಬಿಕೆಯೇ ಬರಲಿಲ್ಲ. ಒಂದೇ ದಿನ ಪೂರಾ ಕಡಿಮೆ ಮಾಡಿದೆ. ಅವರು ಊಟದ ತಟ್ಟೆ ಸರಿಸಿ ಎದ್ದು ಹೋದರು. ನಲವತ್ತು ವರ್ಷದಲ್ಲಿ ಮೊದಲ ಸಲ! ಆಮೇಲೆ ಜಾಣತನ ಬಂತು. ಹೇಳದೆ ಕೇಳದೆ ಚಿಟಿಕೆ ಚಿಟಿಕೆಯಾಗಿ ಇಳಿಸಿದೆ, ಸ್ವಲ್ಪ ನಿಂಬೆರಸ, ಮೆಣಸು ಜಾಸ್ತಿ ಮಾಡಿದೆ. ಎರಡೂವರೆ ಮೂರು ತಿಂಗಳಾದ ಮೇಲೆ ಒಂದು ದಿನ ಹೊರಗೆ ಊಟಕ್ಕೆ ಹೋದಾಗ ಅವರೇ, ಇವರು ಉಪ್ಪು ಸುರಿದಿದ್ದಾರಲ್ಲ ಅಂದರು. ನಾನು ಸುಮ್ಮನೆ ನೀರು ಕುಡಿದೆ. ನಾಲಿಗೆ ಬದಲಾಗುತ್ತದೆ ಕಣಪ್ಪ, ಆದರೆ ಅದಕ್ಕೆ ಗೊತ್ತಾಗದ ಹಾಗೆ ಬದಲಿಸಬೇಕು.

ಮಗಳು ತರಕಾರಿ ಬೇಡ ಅಂದರೆ ಒತ್ತಾಯ ಮಾಡಬೇಡ. ಒಂದೇ ತರಕಾರಿಯನ್ನು ಹತ್ತು ಹದಿನೈದು ಸಲ ತಟ್ಟೆಯಲ್ಲಿ ಕಂಡ ಮೇಲೆ ತಿನ್ನುವ ಮಕ್ಕಳಿದ್ದಾರೆ. ನಾವು ಮೂರನೇ ಸಲಕ್ಕೇ, ಇವಳಿಗೆ ಇದು ಸೇರುವುದಿಲ್ಲ ಅಂತ ಹಣೆಗೆ ಬರೆದುಬಿಡುತ್ತೇವೆ.

ಮೂರುದಿನದಶೂರ:

21 ದಿನ ಹಠ ಹಿಡಿದರೆ ಅಭ್ಯಾಸ ಆಗುತ್ತದೆ ಅಂತಾರಲ್ಲ, ನಾನು ನಾಲ್ಕು ಸಲ 21 ದಿನ ಮಾಡಿದ್ದೇನೆ, 22ನೇ ದಿನ ನಾಲ್ಕು ಸಲವೂ ಚಿಪ್ಸ್. ಆಮೇಲೆ ಓದಿದೆ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಗಮನಿಸಿದಾಗ ಒಂದು ಸಣ್ಣ ಅಭ್ಯಾಸ ತಾನಾಗಿ ಆಗಲು ಸರಾಸರಿ 66 ದಿನ ಬೇಕಾಯಿತಂತೆ, ಕೆಲವರಿಗೆ 18, ಇನ್ನು ಕೆಲವರ ಲೆಕ್ಕ 254ರವರೆಗೆ ಹೋಗಿದೆ. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡಲಿಲ್ಲವಂತೆ. ನಾನು 254ರ ಕಡೆಯವನು ಅಂತ ಒಪ್ಪಿಕೊಂಡ ಮೇಲೆ ನೆಮ್ಮದಿಯಾಗಿದ್ದೇನೆ.

ಖಾಲಿಬುಟ್ಟಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ.

ಬ್ರೌನ್ ಬ್ರೆಡ್ ತಿರುಗಿಸಿ ನೋಡಿದೆ. ಮೊದಲ ಹೆಸರು ಮೈದಾ, ಮೂರನೆಯದು ಸಕ್ಕರೆ. ಐದು ತಿಂಗಳು ಇದನ್ನೇ ಔಷಧಿಯ ಹಾಗೆ ತಿಂದಿದ್ದೇನಲ್ಲ ಅಂತ ಸಿಟ್ಟು ಬಂತು. ಬಿಲ್ಲುಗಳನ್ನು ಅಂಟಿಸಿದ್ದೇವೆ, ಹೆಂಡತಿಯೂ ಬರೆಯುತ್ತಿದ್ದಾಳೆ. ಓಟ್ಸ್ ಮುಂದೆ ಅವಳು ಬರೆದದ್ದು, ಯಾರಿಗೂ ಇಷ್ಟ ಇಲ್ಲ, ಯಾಕೆ ತರುತ್ತೀರಿ. ನಿಜ. ಬಿಟ್ಟೆವು.

ಅಜ್ಜಿ, ನೀವು ಹೇಳಿದ ಮೇಲೆ ಮಗಳನ್ನು ಕೂರಿಸಿಕೊಂಡು ಕೇಳಿದೆ, ಬಿಸ್ಕತ್ತು ನಿಲ್ಲಿಸಿದರೆ ನಿನಗೆ ಬೇಜಾರಾಗುತ್ತಾ ಅಂತ. ಅವಳು, ಅಪ್ಪಾ ನನಗೆ ಆ ಬಿಸ್ಕತ್ತೇ ಇಷ್ಟ ಇಲ್ಲ, ಅದು ನಿನ್ನದಲ್ವಾ ಅಂದಳು. ಹೆಂಡತಿ ಅಡುಗೆಮನೆಯಿಂದ ನಕ್ಕಿದ್ದು ಕೇಳಿಸಿತು. ಎರಡು ವಾರದಿಂದ ತಂದಿಲ್ಲ. ಮೊದಲ ನಾಲ್ಕು ದಿನ ಸಂಜೆ ಐದಕ್ಕೆ ಕೈ ತಾನಾಗಿ ಡಬ್ಬದ ಮುಚ್ಚಳಕ್ಕೆ ಹೋಗುತ್ತಿತ್ತು. ಈಗ ಅದರಲ್ಲಿ ಕಡಲೆಕಾಯಿ ಬೀಜ ಇಟ್ಟಿದ್ದೇವೆ.

ಸೊಪ್ಪು ಒಂದೇ ಕಟ್ಟು ತಂದು ಆವತ್ತೇ ಮಾಡಿದೆ. ಉಪ್ಪು ಹಾಕುವುದನ್ನೇ ಮರೆತೆ, ಆದರೂ ಮುಗಿಯಿತು. ಕ್ಯಾರೆಟ್ ಮಾತ್ರ ಈಗಲೂ ಬಾಗುತ್ತಿದೆ. ಏನು ಮಾಡಲಿ?

ಸಂಜೆಹಸಿವು:

ಮೇಲಿನ ಹಸಿರು ಸೊಪ್ಪನ್ನು ತಂದ ತಕ್ಷಣ ಕತ್ತರಿಸಿ, ಅದು ಗೆಡ್ಡೆಯ ನೀರನ್ನು ಎಳೆಯುತ್ತದೆ. ಬಾಗಿದ್ದನ್ನು ಬಿಸಾಡಬೇಡಿ, ತಣ್ಣೀರಿನ ಡಬ್ಬದಲ್ಲಿ ಮುಳುಗಿಸಿ ಫ್ರಿಡ್ಜಿನಲ್ಲಿಡಿ, ನಾಳೆ ಬೆಳಿಗ್ಗೆ ಕಟಕ್ ಅಂತ ಮುರಿಯುತ್ತದೆ.